ಗೋಗಿಯ ನೆಲ, ಜೀವಕೋಶದ ನಕಲು

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಶಹಾಪುರ ಸಿಗುತ್ತದೆ. ಆ ತಾಲ್ಲೂಕಿನ ಗೋಗಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲದ್ದು ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಗೋರಿಯಿಂದ. ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಆ ಊರು ನೆನಪಾಗುವುದು ನೆಲದಡಿಯ ಯುರೇನಿಯಂ ನಿಕ್ಷೇಪದಿಂದ.

ವಿಕಿರಣ ವಂಶವಾಹಿಯನ್ನು ಬದಲಿಸಬಲ್ಲದು ಎಂದು 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳಿಗೆ ಎಕ್ಸ್‌-ಕಿರಣ ಹಾಯಿಸಿ ತೋರಿಸಿದರು. ಅದು ಹೇಗೆಂದು ಅರಿಯಲು ದಾರಿ ತೆರೆದದ್ದು 1953ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಜೋಡಿ ಎಳೆಗಳ ರಚನೆಯನ್ನು ವಿವರಿಸಿದಾಗ.

ನಮ್ಮ ಒಂದು ಕೋಶ ಎರಡಾಗುವ ಮೊದಲು ಸುಮಾರು 600 ಕೋಟಿ ಅಕ್ಷರಜೋಡಿಗಳು ನಕಲಾಗಬೇಕು. ತಪ್ಪು ತಿದ್ದುವ ಕಿಣ್ವಗಳೂ ಇವೆ. ಆದರೆ ವಿಕಿರಣದಿಂದ ಎಳೆ ಕೆಟ್ಟಿದ್ದರೆ ನಕಲು ಅಲ್ಲೇ ತಡೆದು ನಿಲ್ಲಬಹುದು. ದುರಸ್ತಿ ಮುಗಿಯದೆ ಕೋಶ ಒಡೆದರೆ ವರ್ಣತಂತುಗಳು ತುಂಡಾಗುತ್ತವೆ, ತಪ್ಪು ಜಾಗಕ್ಕೆ ಅಂಟಿಕೊಳ್ಳುತ್ತವೆ. ಆ ತಪ್ಪು ಮುಂದಿನ ಕೋಶಗಳಿಗೂ ದಾಟುತ್ತದೆ. ಕ್ಯಾನ್ಸರ್ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಯುರೇನಿಯಂ ಗಣಿಯ ಬಗ್ಗೆ ಗೋಗಿಯ ಜನ ಎತ್ತಿದ ಆತಂಕಕ್ಕೆ ಬರೀ ಭರವಸೆಯ ಮಾತು ಸಾಲದು. ಗಣಿ ಪೂರ್ತಿ ತೆರೆಯುವ ಮೊದಲೇ ಬಾವಿಗಳ ನೀರನ್ನೂ ಜನರ ಆರೋಗ್ಯವನ್ನೂ ಪರೀಕ್ಷಿಸಿ ಬರೆದಿಡಬೇಕು. ಮೂಲ ಪ್ರತಿಯೇ ಇಲ್ಲದಿದ್ದರೆ ಮುಂದೆ ಆದ ಬದಲಾವಣೆಯನ್ನು ಯಾವುದಕ್ಕೆ ಹೋಲಿಸಿ ನೋಡುವುದು?