ಕಿತ್ತೂರಿನ ರ‍್ಯಾಕ್ಸ್ ಮತ್ತು ಎಂಎಫ್‌ಸಿ ಕಾರ್ಡಿನ ಸಾಕ್ಷ್ಯ: ಕರ್ನಾಟಕದ ಡಿಜಿಟಲ್ ದೂರವಾಣಿಯ ಕಾಲನಿರ್ಣಯ

1

ಕರ್ನಾಟಕದ ದೂರವಾಣಿಯ ಇತಿಹಾಸ ಬರೆದವರೆಲ್ಲ 1986ಕ್ಕೆ ಬಂದು ನಿಲ್ಲುತ್ತಾರೆ. ಆ ವರ್ಷದ ಜುಲೈನಲ್ಲಿ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ 128 ಪೋರ್ಟಿನ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು, ಅಂದರೆ ರ‍್ಯಾಕ್ಸ್, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಚಾಲೂ ಆಯಿತು. ಸಂಸ್ಥೆ ಹುಟ್ಟಿದ್ದು 1984ರ ಆಗಸ್ಟಿನಲ್ಲಿ. ಎರಡು ವರ್ಷದೊಳಗೆ ಹಳ್ಳಿಗಾಡಿನ ಬಿಸಿಲು, ಧೂಳು, ವಿದ್ಯುತ್ತಿನ ಏರಿಳಿತಗಳನ್ನು ಹವಾನಿಯಂತ್ರಣವಿಲ್ಲದೆಯೇ ತಾಳಬಲ್ಲ ಎಕ್ಸ್‌ಚೇಂಜನ್ನು ನಮ್ಮ ಎಂಜಿನಿಯರುಗಳು ಕಟ್ಟಿ ನಿಲ್ಲಿಸಿದರು. ಈ ಸಾಧನೆಯ ಬಗ್ಗೆ ನನ್ನದು ಯಾವ ತಕರಾರೂ ಇಲ್ಲ.

ತಕರಾರಿರುವುದು ಇದರ ಮೇಲೆ ಹೊರಿಸಿರುವ ಇನ್ನೊಂದು ತೀರ್ಮಾನದ ಬಗ್ಗೆ. ಕಿತ್ತೂರಿನಲ್ಲಿ ಸ್ವಿಚಿಂಗ್ ಡಿಜಿಟಲ್ ಆಯಿತು, ಆದ್ದರಿಂದ ಸಿಗ್ನಲಿಂಗ್ ಕೂಡ ಅಂದೇ ಡಿಜಿಟಲ್ ಆಯಿತು ಎಂಬ ಓದು ಹಿಂದಿನವರ ಬರಹದಿಂದ ಈಚಿನವರ ಬರಹಕ್ಕೆ ಪರಿಶೀಲನೆಯಿಲ್ಲದೆ ಹರಿದು ಬಂದಿದೆ. ಮೊದಲರ್ಧ ಸರಿ, ಉಳಿದರ್ಧ ತಪ್ಪು. ಉದ್ಘಾಟನೆಯ ವರದಿಗಳನ್ನು ಓದಿ ಕಾರ್ಡುಗಳ ಕೈಪಿಡಿಯನ್ನು ತೆರೆಯದೆ ಬಿಟ್ಟದ್ದರಿಂದ ಈ ತಪ್ಪು ಉಳಿದುಕೊಂಡಿದೆ. ದೂರವಾಣಿಯ ಇತಿಹಾಸದಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು. ಕರೆಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ಜೋಡಿಸುವುದು ಸ್ವಿಚಿಂಗ್. ಮಾತನ್ನು ಊರಿಂದೂರಿಗೆ ಒಯ್ಯುವುದು ಟ್ರಾನ್ಸ್‌ಮಿಷನ್. ಯಾರು ಯಾರನ್ನು ಕರೆಯುತ್ತಿದ್ದಾರೆ, ಎತ್ತಿದರೇ, ಇಟ್ಟರೇ ಎಂದು ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲೇ ತಿಳಿಸಿಕೊಳ್ಳುವುದು ಸಿಗ್ನಲಿಂಗ್. ಇವು ಮೂರೂ ಒಂದೇ ದಿನ ಬದಲಾದ ಉದಾಹರಣೆ ನಮ್ಮಲ್ಲಿಲ್ಲ.

2

ಹಳೆಯ ಓದಿನ ಸಮರ್ಥಕರು ಮುಂದಿಡುವ ಮುಖ್ಯ ಸಾಕ್ಷ್ಯ ಒಂದು ಕಾರ್ಡು: ಎಂಎಫ್‌ಸಿ. ಸಿ-ಡಾಟ್ ಎಕ್ಸ್‌ಚೇಂಜುಗಳ ಕಾರ್ಡುಗಳ ಹೆಸರು ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿದವರಿಗೆ ಬಾಯಿಪಾಠ. ಚಂದಾದಾರರ ಲೈನಿಗೆ ಎಲ್‌ಸಿಸಿ, ನಾಣ್ಯ ಹಾಕುವ ಫೋನಿಗೆ ಸಿಸಿಎಂ, ಎರಡು ತಂತಿಯ ಟ್ರಂಕಿಗೆ ಟಿಡಬ್ಲ್ಯೂಟಿ, ಇ ಅಂಡ್ ಎಂ ಟ್ರಂಕಿಗೆ ಇಎಂಟಿ, ಬಹುಸ್ವರ ಸಂಕೇತಗಳಿಗೆ ಎಂಎಫ್‌ಸಿ. ಈ ಕೊನೆಯ ಕಾರ್ಡಿನಲ್ಲಿ ಸ್ವರಗಳನ್ನು ಸಂಖ್ಯೆಗಳ ರೂಪದಲ್ಲೇ ಹುಟ್ಟಿಸಿ, ಸಂಖ್ಯೆಗಳ ರೂಪದಲ್ಲೇ ಗುರುತಿಸುತ್ತಾರೆ. ಆದ್ದರಿಂದ ಇದು ಡಿಜಿಟಲ್ ಸಿಗ್ನಲಿಂಗ್ ಎಂಬುದು ಅವರ ವಾದ.

ವಾದದ ಮೊದಲ ಮೆಟ್ಟಿಲು ಗಟ್ಟಿಯಾಗಿದೆ, ಎರಡನೆಯದು ಕುಸಿಯುತ್ತದೆ. ಸ್ವರವನ್ನು ಹೇಗೆ ಹುಟ್ಟಿಸಿದರು ಎಂಬುದು ಒಂದು ಪ್ರಶ್ನೆ. ಆ ಸ್ವರ ಯಾವ ದಾರಿಯಲ್ಲಿ ಹೋಗಿ, ಯಾವ ಕಟ್ಟಳೆಯಂತೆ ನಡೆದುಕೊಂಡಿತು ಎಂಬುದು ಬೇರೆಯೇ ಪ್ರಶ್ನೆ. ಆರ್2 ಎಂದು ಹೆಸರಾದ ಬಹುಸ್ವರ ಪದ್ಧತಿಯಲ್ಲಿ ಮುಂದಕ್ಕೆ ಹೋಗಲು ಆರು ಸ್ವರಗಳಿವೆ: 1380, 1500, 1620, 1740, 1860, 1980 ಹರ್ಟ್ಸ್. ಹಿಂದಕ್ಕೆ ಬರಲು ಇನ್ನಾರು: 1140, 1020, 900, 780, 660, 540. ಆರರಲ್ಲಿ ಎರಡೆರಡನ್ನು ಜೊತೆಗೂಡಿಸಿದರೆ 15 ಸಂಕೇತಗಳು ಸಿಗುತ್ತವೆ. ಕರೆ ಕಳುಹಿಸುವ ಎಕ್ಸ್‌ಚೇಂಜು ಮೊದಲ ಅಂಕಿಯ ಸ್ವರಜೋಡಿಯನ್ನು ಹಿಡಿದುಕೊಂಡೇ ಇರುತ್ತದೆ. ಆ ಕಡೆಯಿಂದ ಮುಂದಿನ ಅಂಕಿ ಕೊಡು ಎಂಬ ಸ್ವರಜೋಡಿ ಬಂದ ಮೇಲೆ ತನ್ನದನ್ನು ನಿಲ್ಲಿಸುತ್ತದೆ. ಅದು ನಿಂತದ್ದನ್ನು ಕೇಳಿ ಆ ಕಡೆಯದೂ ನಿಲ್ಲುತ್ತದೆ. ಆಮೇಲಷ್ಟೇ ಎರಡನೆಯ ಅಂಕಿ. ಇದೆಲ್ಲ ನಡೆಯುವುದು ಮುಂದೆ ಮಾತು ಹರಿಯಬೇಕಾದ ಅದೇ ದಾರಿಯಲ್ಲಿ. ಲೈನಿನಲ್ಲಿ ಕಿವಿಯಿಟ್ಟು ಕುಳಿತವರಿಗೆ ಆ ಸ್ವರಗಳು ಕೇಳಿಸುತ್ತವೆ. ಕಿವಿಗೆ ಕೇಳುವ, ಮಾತಿನ ಜಾಗವನ್ನೇ ಆಕ್ರಮಿಸುವ ಸಂಕೇತವನ್ನು, ಅದನ್ನು ಹುಟ್ಟಿಸಿದ ಚಿಪ್ಪು ಡಿಜಿಟಲ್ ಎಂಬ ಒಂದೇ ಕಾರಣಕ್ಕೆ ಡಿಜಿಟಲ್ ಸಿಗ್ನಲಿಂಗ್ ಎನ್ನಲಾಗದು. ಇದೇ ಪದ್ಧತಿ ಡಿಜಿಟಲ್ ಸ್ವಿಚ್ಚುಗಳಿಗಿಂತ ಮೊದಲೇ ಕ್ರಾಸ್‌ಬಾರ್ ಎಕ್ಸ್‌ಚೇಂಜುಗಳ ನಡುವೆ ಬಳಕೆಯಲ್ಲಿತ್ತು ಎಂಬುದನ್ನು ಎಂಎಫ್‌ಸಿ ವಾದಿಗಳು ಮರೆತಿದ್ದಾರೆ.

ಅದಕ್ಕಿಂತ ದೊಡ್ಡ ಮರೆವು, ಪಕ್ಕದಲ್ಲೇ ಇರುವ ಟಿಡಬ್ಲ್ಯೂಟಿ ಮತ್ತು ಇಎಂಟಿ ಕಾರ್ಡುಗಳದ್ದು. ರ‍್ಯಾಕ್ಸ್ ಹೊರಜಗತ್ತಿನೊಂದಿಗೆ ವ್ಯವಹರಿಸುತ್ತಿದ್ದುದು ಈ ಟ್ರಂಕ್ ಕಾರ್ಡುಗಳ ಮೂಲಕ. 1980ರ ದಶಕದ ಜಿಲ್ಲಾ ಕೇಂದ್ರಗಳಲ್ಲಿ ಅದಕ್ಕೆ ಎದುರಾಗುತ್ತಿದ್ದುದು ಬಹುಪಾಲು ಸ್ಟ್ರೋಜರ್, ಕ್ರಾಸ್‌ಬಾರ್ ಅಥವಾ ಆಪರೇಟರ್ ಕೂತ ಟ್ರಂಕ್ ಬೋರ್ಡು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ), ಲಿವರ್‌ಪೂಲಿನ ಎಟಿಇ ಕಂಪನಿಯ ಸಹಯೋಗದಲ್ಲಿ ತಯಾರಿಸಿದ ಸ್ಟ್ರೋಜರ್ ಯಂತ್ರಕ್ಕೆ ಅರ್ಥವಾಗುತ್ತಿದ್ದ ಭಾಷೆ ಒಂದೇ: ವಿದ್ಯುತ್ ಪ್ರವಾಹ ಕಡಿದು ಕೂಡುವ ಪಲ್ಸು. ಸೆಕೆಂಡಿಗೆ 10 ಪಲ್ಸು, ಕಡಿತ ಎರಡು ಪಾಲು, ಕೂಡಿಕೆ ಒಂದು ಪಾಲು. ಒಂದೊಂದು ಪಲ್ಸಿಗೂ ಸೆಲೆಕ್ಟರು ಒಂದೊಂದು ಮೆಟ್ಟಿಲು ಏರುತ್ತಿತ್ತು.

ರ‍್ಯಾಕ್ಸ್‌ನ ಚಂದಾದಾರರೊಬ್ಬರು 234567 ಎಂಬ ಹೊರಗಿನ ನಂಬರು ತಿರುಗಿಸಿದರು ಎಂದುಕೊಳ್ಳೋಣ. ಒಳಗಿನ ಪ್ರೊಸೆಸರು ಅಂಕಿಗಳನ್ನು ಎಣಿಸಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ಕ್ಷಣಕ್ಕೆ ಅವು ಅಪ್ಪಟ ಡಿಜಿಟಲ್. ಖಾಲಿ ಟ್ರಂಕು ಹುಡುಕಿ ಹಿಡಿದ ಮೇಲೆ, ಅದೇ ಅಂಕಿಗಳನ್ನು ಇಎಂಟಿ ಕಾರ್ಡು ಮತ್ತೆ ಪಲ್ಸುಗಳಾಗಿ ಒಡೆದು, ಸಂಕೇತ ಕಳುಹಿಸುವ ಎಂ ತಂತಿಯ ಮೇಲೆ ಹೊರಹಾಕುತ್ತದೆ. ಒಟ್ಟು 27 ಪಲ್ಸು, ಅಂದರೆ 2.7 ಸೆಕೆಂಡು. ಅಂಕಿ ಅಂಕಿಯ ನಡುವಿನ ವಿರಾಮ ಸೇರಿದರೆ ಆರು ಸೆಕೆಂಡಿನ ಆಸುಪಾಸು. ಕಪಾಟಿನೊಳಗೆ 64 ಕಿಲೋಬಿಟ್ಟಿನ ಡಿಜಿಟಲ್ ಮಾತು (ಪಿಸಿಎಂ) ಓಡುತ್ತಿದ್ದರೂ ಊರಿನ ಗಡಿ ದಾಟುವಾಗ ಕರೆ ಸ್ಟ್ರೋಜರಿನ ನಡಿಗೆಯಲ್ಲೇ ನಡೆಯಬೇಕಿತ್ತು.

ಇದು ಸಿ-ಡಾಟ್‌ನ ಕೊರತೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಓದಿದರೆ ಅನ್ಯಾಯವಾಗುತ್ತದೆ. ದೇಶದ ಹಳೆಯ ಜಾಲವನ್ನು ಕಿತ್ತೆಸೆಯದೆ, ಅದರ ಭಾಷೆಯಲ್ಲೇ ಅದರ ಜೊತೆ ಮಾತಾಡಬಲ್ಲ ಹೊಸ ಯಂತ್ರವನ್ನು ಹಳ್ಳಿಗೆ ಕೊಟ್ಟದ್ದು ಆ ವಿನ್ಯಾಸದ ದೊಡ್ಡ ಗುಣ. ಹೊರಗಿನ ದುಬಾರಿ ಯಂತ್ರಗಳ ಪರ ವಕಾಲತ್ತು ವಹಿಸಿದವರು ಈ ಗುಣವನ್ನು ಅಂದೂ ಕಾಣಲಿಲ್ಲ. ಕಿತ್ತೂರಿಗೆ ಇಲ್ಲದ ಕಿರೀಟ ತೊಡಿಸುವವರು ಇಂದೂ ಕಾಣುತ್ತಿಲ್ಲ.

3

ಬೆಂಗಳೂರಿನಂಥ ನಗರಗಳಲ್ಲಿ ಎಕ್ಸ್‌ಚೇಂಜುಗಳ ನಡುವೆ ಇ1 ಕೊಂಡಿಗಳು ಬಂದ ಮೇಲಾದರೂ ಸಿಗ್ನಲಿಂಗ್ ಡಿಜಿಟಲ್ ಆಗಲಿಲ್ಲವೇ ಎಂದು ಕೇಳಬಹುದು. ಇದು ಗಂಭೀರವಾದ ಆಕ್ಷೇಪ. ಇ1 ಕೊಂಡಿಯ ವೇಗ ಸೆಕೆಂಡಿಗೆ 2.048 ಮೆಗಾಬಿಟ್. ಅದರಲ್ಲಿ 32 ಟೈಮ್ ಸ್ಲಾಟ್. ಸೊನ್ನೆಯದು ಫ್ರೇಮಿನ ಹೊಂದಾಣಿಕೆಗೆ, 16ನೆಯದು ಸಿಗ್ನಲಿಂಗಿಗೆ, ಉಳಿದ 30 ಮಾತಿಗೆ. ಚಾನಲ್ ಅಸೋಸಿಯೇಟೆಡ್, ಅಂದರೆ ಸಿಎಎಸ್ ಪದ್ಧತಿಯಲ್ಲಿ 16 ಫ್ರೇಮುಗಳ ಒಂದು ಗುಂಪು 2 ಮಿಲಿಸೆಕೆಂಡಿಗೊಮ್ಮೆ ಮುಗಿಯುತ್ತದೆ. ಅಷ್ಟರಲ್ಲಿ 30 ಚಾನಲ್‌ಗಳಲ್ಲಿ ಪ್ರತಿಯೊಂದಕ್ಕೂ ಎ, ಬಿ, ಸಿ, ಡಿ ಎಂಬ ನಾಲ್ಕು ಬಿಟ್ ಸಿಗುತ್ತವೆ.

ಈ ನಾಲ್ಕು ಬಿಟ್ ಡಿಜಿಟಲ್ ಎಂಬುದನ್ನು ಒಪ್ಪುತ್ತೇನೆ. ಆದರೆ ಅವು ತಿಳಿಸುವುದು ಲೈನಿನ ಸ್ಥಿತಿಯನ್ನು ಮಾತ್ರ: ಖಾಲಿಯಿದೆ, ಹಿಡಿದಿದ್ದೇನೆ, ಎತ್ತಿದರು, ಇಟ್ಟರು. ಯಾರಿಗೆ ಕರೆ ಎಂಬ ಅಂಕಿಗಳು ಇಲ್ಲೂ ಆರ್2 ಸ್ವರಗಳಾಗಿ ಮಾತಿನ ಸ್ಲಾಟಿನಲ್ಲೇ ಹೋಗುತ್ತಿದ್ದವು. ಡೆಕಾಡಿಕ್ ಎಂದು ಕಾನ್ಫಿಗರ್ ಮಾಡಿದ ಟ್ರಂಕುಗಳಲ್ಲಂತೂ ಹಳೆಯ ಪಲ್ಸುಗಳೇ ಬಿಟ್ಟಿನ ವೇಷ ಹಾಕಿಕೊಂಡು ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ ಸಾಗುತ್ತಿದ್ದವು. ತಂತಿ ಬದಲಾಯಿತು, ನಡವಳಿಕೆ ಬದಲಾಗಲಿಲ್ಲ.

ನಿಜವಾದ ತಿರುವು ಕಾಮನ್ ಚಾನಲ್ ಸಿಗ್ನಲಿಂಗ್ (ಸಿಸಿಎಸ್) ನಂಬರ್ 7ರದ್ದು. ಇದರಲ್ಲಿ ಸಂಕೇತ ಮಾತಿನ ದಾರಿಯನ್ನು ಬಿಟ್ಟು ಪ್ರತ್ಯೇಕ 64 ಕಿಲೋಬಿಟ್ ಕೊಂಡಿಯಲ್ಲಿ ಸಂದೇಶವಾಗಿ ಹರಿಯುತ್ತದೆ. ಪ್ರತಿ ಸಂದೇಶದಲ್ಲೂ ಕಳುಹಿಸಿದ ಎಕ್ಸ್‌ಚೇಂಜಿನ ಪಾಯಿಂಟ್ ಕೋಡ್, ತಲುಪಬೇಕಾದ ಎಕ್ಸ್‌ಚೇಂಜಿನ ಪಾಯಿಂಟ್ ಕೋಡ್, ಯಾವ ಸರ್ಕ್ಯೂಟ್ ಎಂಬ ಗುರುತು ಇರುತ್ತವೆ. ಪೂರ್ತಿ ನಂಬರನ್ನು ಹೊತ್ತ ಮೊದಲ ಸಂದೇಶ 40 ಬೈಟ್ ಇದೆ ಎಂದಿಟ್ಟುಕೊಂಡರೆ, ಅದು ಕೊಂಡಿಯ ಮೇಲೆ ಹೊರಡಲು ತಗಲುವ ಸಮಯ 5 ಮಿಲಿಸೆಕೆಂಡು. ಪಲ್ಸಿನ ಆರು ಸೆಕೆಂಡಿನ ಪಕ್ಕದಲ್ಲಿಟ್ಟು ನೋಡಿದರೆ ಎರಡನ್ನೂ ಒಂದೇ ಯುಗಕ್ಕೆ ಸೇರಿಸುವುದು ಹೇಗೆ ಅಸಾಧ್ಯ ಎಂಬುದು ಸ್ಪಷ್ಟವಾಗುತ್ತದೆ. ನನ್ನ ಮಾನದಂಡ ಇಷ್ಟೇ: ಸಂಕೇತವು ಮಾತಿನ ದಾರಿಯಿಂದ ಬೇರ್ಪಟ್ಟು ಸಂದೇಶವಾದ ದಿನ ಆ ಮಾರ್ಗದ ಸಿಗ್ನಲಿಂಗ್ ಡಿಜಿಟಲ್ ಆಯಿತು. ಅದು ಮಾರ್ಗದಿಂದ ಮಾರ್ಗಕ್ಕೆ ಬೇರೆಬೇರೆ ದಿನ ಆದದ್ದು. ಇಡೀ ರಾಜ್ಯಕ್ಕೆ ಒಂದು ತಾರೀಖು ಹುಡುಕುವುದೇ ತಪ್ಪು ಹುಡುಕಾಟ.

4

ಈ ಬದಲಾವಣೆಯ ಕುರುಹು ಎಲ್ಲಿ ಸಿಗುತ್ತದೆ? ಈವರೆಗೆ ಯಾರೂ ಆಕರವೆಂದು ಪರಿಗಣಿಸದ ಕಾನ್ಫಿಗರೇಷನ್ ಹಾಳೆಗಳಲ್ಲಿ. ಪಶ್ಚಿಮ ಬೆಂಗಳೂರು ಇಂಥ ಹಾಳೆಗಳ ದೊಡ್ಡ ಕ್ಷೇತ್ರ. ರಾಜಾಜಿನಗರದ ಕೈಗಾರಿಕಾ ಪ್ರದೇಶ, ಮಾಗಡಿ ರಸ್ತೆಯ ಶೆಡ್ಡುಗಳು, ವಿಜಯನಗರ ಮತ್ತು ಬಸವೇಶ್ವರನಗರದ ಆಸ್ಪತ್ರೆ, ಬ್ಯಾಂಕುಗಳು, ಕೆಂಗೇರಿಯ ಆಚೀಚಿನ ಕಾಲೇಜು, ಕಾರ್ಖಾನೆಗಳಂಥ ಕಡೆಗಳಲ್ಲಿ ಇಪಿಎಬಿಎಕ್ಸ್ (ಕಚೇರಿಯೊಳಗಿನ ಖಾಸಗಿ ಎಕ್ಸ್‌ಚೇಂಜು) ಕೂರಿಸುವವರು ಇ1 ಲೈನ್ ಜೋಡಿಸುವಾಗ ಒಂದು ಹಾಳೆ ತುಂಬುತ್ತಾರೆ. ಲೈನ್ ಕೋಡ್: ಎಚ್‌ಡಿಬಿ3. ಸಿಆರ್‌ಸಿ4: ಆನ್ ಅಥವಾ ಆಫ್. ಸಿಗ್ನಲಿಂಗ್: ಸಿಎಎಸ್ ಅಥವಾ ಸಿಸಿಎಸ್. ಕ್ಲಾಕ್: ಮಾಸ್ಟರ್ ಅಥವಾ ಸ್ಲೇವ್. ಕಾರ್ಡಿನ ಮೇಲಿನ ಜಂಪರು ಅಮೆರಿಕದ 24 ಚಾನಲ್ಲಿನ ಟಿ1ಗೆ ಕೂತಿದ್ದರೆ ಅದನ್ನು ಇ1ಗೆ ಸರಿಸಬೇಕು.

ಒಂದೊಂದು ಸಾಲೂ ಇತಿಹಾಸದ ದಾಖಲೆ. ಸಿಗ್ನಲಿಂಗ್ ಎಂಬ ಸಾಲಿನಲ್ಲಿ ಸಿಎಎಸ್, ಆರ್2 ಎಂದು ಬರೆದಿದ್ದರೆ ಆ ಕಾರ್ಖಾನೆಗೂ ಎಕ್ಸ್‌ಚೇಂಜಿಗೂ ನಡುವೆ ಅಂದು ಇನ್ನೂ ಸ್ವರಗಳು ಓಡುತ್ತಿದ್ದವು. ಸಿಸಿಎಸ್ ಎಂದಿದ್ದರೆ 16ನೆಯ ಸ್ಲಾಟು ಡಿ ಚಾನಲ್ಲಾಗಿ ಸಂದೇಶ ಒಯ್ಯತೊಡಗಿತ್ತು. ಕ್ಲಾಕ್ ಸಾಲನ್ನು ನೋಡಿ. ಗಡಿಯಾರ ಎಕ್ಸ್‌ಚೇಂಜಿನದು, ಇಪಿಎಬಿಎಕ್ಸ್ ಅದನ್ನು ಹಿಂಬಾಲಿಸಬೇಕು. ಎರಡೂ ತಾವೇ ಮಾಸ್ಟರ್ ಎಂದು ಕೂತು ಅವುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಬಂದರೆ, ಸೆಕೆಂಡಿನ 8000 ಫ್ರೇಮುಗಳಲ್ಲಿ ಸರಾಸರಿ 2.5 ಸೆಕೆಂಡಿಗೊಂದು ಫ್ರೇಮು ಜಾರುತ್ತದೆ. ಮಾತಾಡುವವರಿಗೆ ಸಣ್ಣ ಕಟಕಟ, ಫ್ಯಾಕ್ಸಿಗೆ ಮಾತ್ರ ಮಾರಕ. ಫ್ಯಾಕ್ಸ್ ಹೋಗುತ್ತಿಲ್ಲ ಎಂಬ ಹಳೆಯ ದೂರುಪತ್ರವೊಂದು ಕಡತದಲ್ಲಿ ಸಿಕ್ಕರೆ ಸಂಶೋಧಕ ಮೊದಲು ತೆರೆಯಬೇಕಾದದ್ದು ಈ ಹಾಳೆಯನ್ನು.

ಇದಕ್ಕೆ ಪ್ರತಿಯಾಗಿ ಕೆಲವರು ನಂಬರುಗಳ ಉದ್ದವನ್ನೇ ಸಾಕ್ಷ್ಯವಾಗಿ ಹಿಡಿಯುತ್ತಾರೆ. ರಾಜಾಜಿನಗರದ 332ರಿಂದ ಆರಂಭವಾಗುತ್ತಿದ್ದ ಏಳಂಕಿಯ ನಂಬರು ಮುಂದೆ 2 ಸೇರಿ 2332 ಆಯಿತು, ಇದು ಡಿಜಿಟಲೀಕರಣದ ಗುರುತು ಎನ್ನುತ್ತಾರೆ. ಅಂಕಿ ಹೆಚ್ಚಿದ್ದು ನಂಬರುಗಳ ಹಂಚಿಕೆಗಾಗಿ. ಖಾಸಗಿ ಕಂಪನಿಗಳೂ ಬಂದಾಗ ಯಾರಿಗೆ ಯಾವ ಮೊದಲಂಕಿ ಎಂಬುದು ತೀರ್ಮಾನವಾಗಬೇಕಿತ್ತು. ಅಂಗಡಿಯ ಹಳೆಯ ಬೋರ್ಡಿನ ಮೇಲಿನ ನಂಬರು ಬೋರ್ಡಿನ ಕಾಲವನ್ನು ಹೇಳೀತು, ಹಿಂದಿನ ಟ್ರಂಕಿನಲ್ಲಿ ಓಡುತ್ತಿದ್ದುದು ಸ್ವರವೋ ಸಂದೇಶವೋ ಎಂದು ಹೇಳಲಾರದು.

5

ಒಟ್ಟು ತೀರ್ಮಾನ ಇದು. 1986 ಕರ್ನಾಟಕದ ಹಳ್ಳಿಗಾಡಿನಲ್ಲಿ ದೇಶೀ ಡಿಜಿಟಲ್ ಸ್ವಿಚಿಂಗ್ ಆರಂಭವಾದ ವರ್ಷ. ಆ ಗೌರವ ಕಿತ್ತೂರಿನದು, ಅದು ಅಲ್ಲೇ ಇರಲಿ. ಸಿಗ್ನಲಿಂಗ್ ವಿಚಾರದಲ್ಲಿ ಅದು ಪಲ್ಸಿನ ಕಾಲದ ಒಳಗೇ ನಡೆದ ಘಟನೆ. ಎಂಎಫ್‌ಸಿ ಕಾರ್ಡನ್ನು ಇದಕ್ಕೆ ವಿರುದ್ಧ ಸಾಕ್ಷಿಯಾಗಿ ಕರೆತರುವುದನ್ನು ಇನ್ನು ನಿಲ್ಲಿಸಬೇಕು. ಮುಂದೆ ಯಾವುದೇ ಎಕ್ಸ್‌ಚೇಂಜಿನ ಇತಿಹಾಸ ಬರೆಯುವವರು ಸ್ವಿಚಿಂಗ್, ಟ್ರಾನ್ಸ್‌ಮಿಷನ್, ಸಿಗ್ನಲಿಂಗ್ ಮೂರಕ್ಕೂ ಮೂರು ತಾರೀಖು ಕೊಡಬೇಕು. ಮೂರನೆಯದು ಸಿಗದಿದ್ದರೆ ಮೊದಲನೆಯದನ್ನೇ ಅಲ್ಲಿಗೂ ತುಂಬಬಾರದು.

ಇದಕ್ಕೆ ಬೇಕಾದ ಆಕರಗಳು ಗ್ರಂಥಾಲಯಗಳಲ್ಲಿಲ್ಲ. ನಿವೃತ್ತ ಜೂನಿಯರ್ ಟೆಲಿಕಾಂ ಆಫೀಸರುಗಳ (ಜೆಟಿಒ), ಟೆಕ್ನೀಷಿಯನ್ನರ, ಇಪಿಎಬಿಎಕ್ಸ್ ಕೂರಿಸುತ್ತಿದ್ದವರ ಮನೆಯ ಅಟ್ಟದಲ್ಲಿವೆ: ಕಾರ್ಡುಗಳ ಕೈಪಿಡಿ, ಟ್ರಂಕ್ ಗುಂಪುಗಳ ಪಟ್ಟಿ, ರೂಟ್ ಡೇಟಾದ ಪ್ರಿಂಟು, ಕೈಬರಹದ ಡೈರಿ. ತಾಮ್ರಕ್ಕೂ ಕಾಗದಕ್ಕೂ ಗುಜರಿಯಲ್ಲಿ ಬೆಲೆಯುಂಟು, ಹಾಗಾಗಿ ಅವು ದಿನೇದಿನೇ ಕರಗುತ್ತಿವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಲ್ಲಿ ನೆಲೆಸಿರುವ ಹಿರಿಯ ದೂರವಾಣಿ ನೌಕರರಲ್ಲಿ ನನ್ನ ಕೋರಿಕೆ ಇಷ್ಟು: ಆ ಹಾಳೆಗಳನ್ನು ತೂಕಕ್ಕೆ ಹಾಕುವ ಮೊದಲು ಒಂದು ಪ್ರತಿ ತೆಗೆಸಿ, ಮೇಲೆ ಎಕ್ಸ್‌ಚೇಂಜಿನ ಹೆಸರು ಮತ್ತು ಇಸವಿ ಬರೆದು, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.