ಬಚ್ಚಲ ನೀರು: ಹಿತ್ತಿಲಿನಿಂದ ವೃಷಭಾವತಿಯವರೆಗೆ

ಗೋವಿಂದರಾಜನಗರ, ವಿಜಯನಗರ ಮತ್ತು ಸುತ್ತಲಿನ ಬಡಾವಣೆಗಳ ಬಚ್ಚಲ ನೀರಿನ ಬಹುಪಾಲು ಇಳಿಯುವುದು ವೃಷಭಾವತಿಯ ಕಣಿವೆಗೆ. ಮೈಸೂರು ರಸ್ತೆಯ ಪಕ್ಕದಲ್ಲಿ ನೊರೆಯೊಡನೆ ಹರಿದು, ಕೆಂಗೇರಿಯನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರುವ ಈ ನದಿಯನ್ನು ಇಂದಿನ ಮಕ್ಕಳು ಮೋರಿಯೆಂದೇ ತಿಳಿದಿದ್ದಾರೆ. ಮನೆಯ ನೀರು ಹೀಗೆ ನದಿಯನ್ನು ಕೆಡಿಸುವಷ್ಟು ದೂರ ಹರಿಯತೊಡಗಿದುದು ಬಹಳ ಹಿಂದಿನ ಮಾತಲ್ಲ. ಅದಕ್ಕೆ ಮೊದಲು ಅದರ ಯಾತ್ರೆ ಹಿತ್ತಿಲಿನಲ್ಲಿಯೇ ಮುಗಿಯುತ್ತಿತ್ತು.

ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಕಲ್ಲಿನ ಕಾಲುವೆಯ ಮೂಲಕ ಬಾಳೆಯ ಬುಡಕ್ಕೂ ತೆಂಗಿನ ಪಾತಿಗೂ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು, ಮುಸುರೆ ಇವು ಕಲಗಚ್ಚಾಗಿ ಹಸುವಿನ ಪಾಲು. ಪಾತ್ರೆಗೆ ಬೂದಿ, ತಲೆಗೆ ಸೀಗೆಕಾಯಿ, ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳ. ಇಷ್ಟನ್ನು ಅರಗಿಸಿಕೊಳ್ಳಲು ಮಣ್ಣಿಗೆ ಕಷ್ಟವಿರಲಿಲ್ಲ. ನೀರು ಎಲ್ಲಿ ನಿಂತಿತು, ಎಲ್ಲಿ ನಾರಿತು ಎಂಬುದು ಮನೆಯೊಡತಿಯ ಕಣ್ಣೆದುರಿಗೇ ಇದ್ದುದರಿಂದ ಬರೆದಿಟ್ಟ ನಿಯಮದ ಅಗತ್ಯವೂ ಇರಲಿಲ್ಲ.

ಶ್ರಾವಕರ ಮನೆಗಳಲ್ಲಿ ಒಳಬರುವ ನೀರಿಗೆ ಮಾತ್ರ ಸೂಕ್ಷ್ಮವಾದ ವಿಧಿಗಳಿದ್ದವು. ದಪ್ಪ ಬಟ್ಟೆಯನ್ನು ಇಮ್ಮಡಿಸಿ ಗಾಳಿಸುವುದು, ಬಟ್ಟೆಯಲ್ಲುಳಿದ ಜೀವಾಣಿಯನ್ನು ಅದೇ ಬಾವಿಗೆ ಮರಳಿ ಬಿಡುವುದು, ಗಾಳಿಸಿದ ನೀರನ್ನು ಒಂದು ಮುಹೂರ್ತ, ಎಂದರೆ 48 ನಿಮಿಷ ಕಳೆದ ಮೇಲೆ ಮತ್ತೆ ಗಾಳಿಸುವುದು. ಹೊರಹೋಗುವ ನೀರಿನ ವಿಷಯದಲ್ಲಿಯೂ ಆಚಾರ್ಯರು ಮೌನವಾಗಿರಲಿಲ್ಲ. ನಿಷ್ಪ್ರಯೋಜನವಾಗಿ ನೀರನ್ನು ಚೆಲ್ಲುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಆದರೂ ಗಾಳಿಸುವ ಬಟ್ಟೆಗೆ ಸಂದ ಗಮನ ಬಚ್ಚಲ ತೂಬಿಗೆ ಎಂದೂ ಸಲ್ಲಲಿಲ್ಲವೆಂಬುದನ್ನು ಒಪ್ಪಲೇಬೇಕು.

1896ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂದಿತು. 1898ರ ಪ್ಲೇಗು ಊರನ್ನು ನಡುಗಿಸಿದ ಮೇಲೆ ಮನೆಯ ಕೊಳೆಯನ್ನು ಹೊರಸಾಗಿಸುವುದೇ ಆರೋಗ್ಯದ ಮೊದಲ ಸೂತ್ರವಾಯಿತು. ಆ ಕಾಲಕ್ಕೆ ಅದು ಸರಿಯಾದ ಸೂತ್ರವೇ. 1922ರಲ್ಲಿ ಒಳಚರಂಡಿಯ ಕೆಲಸ ಆರಂಭವಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. 1949ರಲ್ಲಿ ರಾಜಾಜಿನಗರ ಆರಂಭವಾಗಿ, ಪಶ್ಚಿಮದ ಹೊಲ ತೋಪುಗಳು ಒಂದೊಂದಾಗಿ ನಿವೇಶನಗಳಾದಾಗ ಮೂವತ್ತು ನಲವತ್ತರ ಅಳತೆಯಲ್ಲಿ ಹಿತ್ತಿಲಿಗೆ ಎಡೆಯೇ ಉಳಿಯಲಿಲ್ಲ. ಜೀವಾಣಿಯನ್ನು ಮರಳಿಸಲು ಬಾವಿಯಿಲ್ಲ, ಬಚ್ಚಲ ನೀರನ್ನು ಕುಡಿಯಲು ಬಾಳೆಯಿಲ್ಲ. ಕೊಳಾಯಿ ಇವೆರಡು ನಂಟುಗಳನ್ನೂ ಒಟ್ಟಿಗೇ ಕಡಿಯಿತು.

ನೀರಿನ ಗುಣವೂ ಬದಲಾಯಿತು. 1916ರಲ್ಲಿ ಸ್ಥಾಪಿತವಾದ ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಇದೇ ರಾಜಾಜಿನಗರಕ್ಕೆ ಬಂದಿತು. ಸಾಬೂನು ಬಂದುದಕ್ಕಿಂತ ದೊಡ್ಡ ಬದಲಾವಣೆಯೆಂದರೆ ಡಿಟರ್ಜೆಂಟ್ ಪುಡಿಯದು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ. ಈ ಪುಡಿಗಳಲ್ಲಿರುವ ಸೋಡಿಯಂ ಲವಣಗಳು ಮಣ್ಣಿನ ಕಣಗಳ ಕಟ್ಟನ್ನು ಸಡಿಲಿಸುತ್ತವೆ. ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ, ನೀರು ಇಂಗುವುದಿಲ್ಲ, ಎಲೆಯ ಅಂಚು ಸುಡುತ್ತದೆ. ಅಜ್ಜಿಯ ಕಾಲದಲ್ಲಿ ಬಾಳೆ ಹುಲುಸಾಗಿರಲಿಲ್ಲವೇ ಎಂದು ವಾದಿಸುವವರು ಅಜ್ಜಿಯ ಅಂಟುವಾಳವನ್ನು ಮರೆತಿರುತ್ತಾರೆ.

1974ರಿಂದ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಈ ನಗರಕ್ಕೆ ಬರುತ್ತಿದೆ. ಅಂಥ ನೀರನ್ನು ಗುಲಾಬಿಯ ಕುಂಡಕ್ಕೆ ಹಾಕುವುದರ ಬೆಲೆ 2024ರ ಬೇಸಿಗೆಯಲ್ಲಿ ತಿಳಿಯಿತು. ಆ ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ಕೈತೋಟಕ್ಕೆ ನೀರುಣಿಸುವುದನ್ನೂ ವಾಹನ ತೊಳೆಯುವುದನ್ನೂ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ, ಮರುಕಳಿಸಿದರೆ ದಿನಕ್ಕೆ 500 ರೂಪಾಯಿ ದಂಡ ವಿಧಿಸಿತು. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆ ಮತ್ತೆ ಹೊರಟಿತು. ನಡುವೆ, 2024ರ ಸೆಪ್ಟೆಂಬರಿನಲ್ಲಿ, ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ನಗರದ ಮನೆಗೆ 400 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಒಳ್ಳೆಯ ನೀರನ್ನು ಹಾಕಿದರೆ ಒಂದು ದಂಡ, ಬಳಸಿದ ನೀರನ್ನು ನಿಲ್ಲಿಸಿದರೆ ಇನ್ನೊಂದು. ಇವೆರಡರ ನಡುವಿನ ದಾರಿಯನ್ನು ಗೃಹಸ್ಥನೇ ಕಂಡುಕೊಳ್ಳಬೇಕು.

ಇದಕ್ಕೆ ಮೊದಲು ಲೆಕ್ಕ ಬೇಕು. ಭಾರತೀಯ ಮಾನಕದಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು. ಅದರಲ್ಲಿ ಸ್ನಾನಕ್ಕೆ 55, ಬಟ್ಟೆಗೆ 20. ಐವರ ಮನೆಯ ಸ್ನಾನದ ನೀರೇ 275 ಲೀಟರ್ ಆಯಿತು. ನೂರು ಚದರಡಿಯ ಕೈತೋಟ ಬೇಸಿಗೆಯಲ್ಲಿ ಕುಡಿಯುವುದು ಹೆಚ್ಚೆಂದರೆ 40-50 ಲೀಟರ್. ಬಚ್ಚಲ ನೀರನ್ನೆಲ್ಲ ತೋಟಕ್ಕೆ ತಿರುಗಿಸುವ ಉತ್ಸಾಹ ಇಲ್ಲಿಯೇ ಎಡವುತ್ತದೆ: ಉಳಿದ ಇನ್ನೂರಿಪ್ಪತ್ತೈದು ಲೀಟರ್ ನಿಂತು ನಾರುತ್ತದೆ, ಇಲ್ಲವೆ ಪಕ್ಕದ ಮನೆಯ ತಳಪಾಯಕ್ಕೆ ಇಳಿಯುತ್ತದೆ. ಜಮೆಯಷ್ಟೇ ಖರ್ಚು ಬರೆಯಬಲ್ಲ ವ್ಯಾಪಾರಿಗೆ ಇದು ಹೊಸ ಪಾಠವಲ್ಲ. ಗಿಡಕ್ಕೆ ಬೇಕಾದಷ್ಟನ್ನು ತೆಗೆದು ಮಿಕ್ಕದ್ದನ್ನು ಒಳಚರಂಡಿಗೇ ಬಿಡುವಂತೆ ಕೊಳವೆಗೆ ಎರಡು ಕವಲಿರಬೇಕು; ಮಳೆಗಾಲದಲ್ಲಿ ತೋಟದ ಕವಲು ಮುಚ್ಚಿರಬೇಕು.

ಅಮೆರಿಕೆಯ ಅರಿಜೋನ ಎಂಬ ಮರುಭೂಮಿಯ ರಾಜ್ಯ 2001ರಲ್ಲಿ ದಿನಕ್ಕೆ 400 ಗ್ಯಾಲನ್, ಅಂದರೆ ಸುಮಾರು 1,500 ಲೀಟರ್‌ವರೆಗೆ ಪ್ರತ್ಯೇಕ ಪರವಾನಗಿಯಿಲ್ಲದೆ ಇಂಥ ಬಳಕೆಗೆ ಅವಕಾಶವಿತ್ತಿತು. ಅಲ್ಲಿಯ ಷರತ್ತುಗಳು ನಮ್ಮ ಹಿರಿಯರಿಗೆ ಅಪರಿಚಿತವೆನಿಸುತ್ತಿರಲಿಲ್ಲ. ಅಡುಗೆಮನೆಯ ತೊಟ್ಟಿಯ ನೀರು ಇದರಲ್ಲಿ ಸೇರಕೂಡದು, ಏಕೆಂದರೆ ಜಿಡ್ಡು ಮತ್ತು ಅಗುಳು ಬೇಗ ಕೊಳೆಯುತ್ತವೆ. ಮಕ್ಕಳ ಮಲಿನ ವಸ್ತ್ರ ತೊಳೆದ ನೀರೂ ಸೇರಕೂಡದು. ನೀರನ್ನು ಗಾಳಿಗೆ ಸಿಂಪಡಿಸಬಾರದು. ಅದು ನಿಲ್ಲಲೂ ಬಾರದು. ಬಳಸಿದ ನೀರನ್ನು ಒಂದು ಅಹೋರಾತ್ರಿಗಿಂತ ಹೆಚ್ಚು ಕೂಡಿಡಬಾರದೆಂಬುದು ತಜ್ಞರ ಸಾಮಾನ್ಯ ಸಲಹೆ. ಅಷ್ಟರಲ್ಲಿ ಅದರ ಸೂಕ್ಷ್ಮಜೀವಿಗಳು ಅಪಾರವಾಗಿ ವರ್ಧಿಸುತ್ತವೆ. ಜೀವೋತ್ಪತ್ತಿಗೆ ಎಡೆಗೊಡದಿರುವುದೇ ಅಹಿಂಸೆಯೆಂದು ತಿಳಿದವರು ಆ ಒಂದು ದಿನವನ್ನೂ ಕಾಯಬೇಕಾಗಿಲ್ಲ. ಬಿದ್ದ ಕೂಡಲೇ ಇಂಗುವ ವ್ಯವಸ್ಥೆಯೇ ಮೇಲು.

ಈ ಭಾಗದ ಮನೆಗಳಲ್ಲಿ ವಿಶೇಷವಾದೊಂದು ಅಪಾಯವುಂಟು. ಕುಡಿಯುವ ನೀರಿನ ಸಂಪು ಮನೆಯ ಮುಂಭಾಗದಲ್ಲಿ, ಎರಡಡಿಯ ಕೈತೋಟಕ್ಕೆ ತಾಗಿಕೊಂಡಿರುವುದು ಸಾಮಾನ್ಯ. ಹಳೆಯ ಸಂಪಿನ ಗೋಡೆ ಬಿರುಕುಬಿಟ್ಟಿದ್ದರೆ ಪಕ್ಕದ ಪಾತಿಗೆ ಹೊಯ್ದದ್ದು ಒಳಗೆ ಜಿನುಗುತ್ತದೆ. ಸಂಪು, ಬಾವಿ, ಕೊಳವೆಬಾವಿಗಳಿಂದ ಈ ನೀರನ್ನು ದೂರವಿಡುವುದು ಬೇರೆಲ್ಲ ಎಚ್ಚರಿಕೆಗಿಂತ ಮುಖ್ಯ. ಬಾಳೆ, ತೆಂಗು, ಕಾಬಾಳೆ, ದಾಸವಾಳ ಇವುಗಳ ಬುಡಕ್ಕೆ, ತರಗೆಲೆಯ ಹೊದಿಕೆಯ ಕೆಳಗೆ ಹಾಯಿಸಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಗಳಿಗೆ ಸಲ್ಲದು. ಬ್ಲೀಚಿಂಗ್ ಪುಡಿ, ತಲೆಗೂದಲ ಬಣ್ಣ ಬಿದ್ದ ದಿನ ಮತ್ತು ಮನೆಯಲ್ಲಿ ವಾಂತಿಭೇದಿಯ ರೋಗಿ ಇರುವಾಗ ಎಲ್ಲವೂ ಒಳಚರಂಡಿಗೆ. ವಾರಕ್ಕೊಮ್ಮೆ ಕೂಡಿಟ್ಟ ಮಳೆನೀರನ್ನು ಹೊಯ್ದರೆ ಬೇರಿನ ಬಳಿಯ ಲವಣ ಕೆಳಗಿಳಿಯುತ್ತದೆ.

ಬಸದಿಗಳ ಟ್ರಸ್ಟುಗಳು ಗಮನಿಸಬೇಕಾದುದೂ ಇದೆ. ಗಂಧೋದಕ ತುಳಿಯುವೆಡೆಗೆ ಬೀಳದಂತೆ ಗಿಡದ ಬುಡಕ್ಕೆ ಬಿಡುವ ಪದ್ಧತಿ ಹಿಂದಿನಿಂದಲೂ ಉಂಟು. ಜಲಾಭಿಷೇಕದ ನೀರಿಗೆ ಅದು ಸರಿ. ಆದರೆ ಪಂಚಾಮೃತದ ಹಾಲು, ಮೊಸರು, ತುಪ್ಪಗಳು ಒಂದೇ ಪಾತಿಯಲ್ಲಿ ದಿನವೂ ಬಿದ್ದರೆ ಮಣ್ಣಿನ ರಂಧ್ರಗಳು ಮುಚ್ಚಿ, ಹುಳುಹುಪ್ಪಟೆಗಳು ಸೇರಿ, ಪವಿತ್ರವೆಂದು ಕಾಯ್ದುಕೊಂಡ ಸ್ಥಳವೇ ಹಿಂಸೆಯ ತಾಣವಾಗುತ್ತದೆ. ಮೂರು ನಾಲ್ಕು ಪಾತಿಗಳನ್ನು ಮಾಡಿ ಸರದಿಯಲ್ಲಿ ಬಿಡುವುದು, ಒಂದು ಪಾತಿ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಅದಕ್ಕೆ ತಿರುಗಿಸುವುದು ಹೆಚ್ಚಿನ ಖರ್ಚಿಲ್ಲದೆ ಆಗುವ ಕೆಲಸ. ನೆಲ ತೊಳೆದ ಫಿನಾಯಿಲ್ ನೀರಿಗೆ ಮಾತ್ರ ಬೇರೆ ತೂಬು ಇರಲೇಬೇಕು.