ಬಿಸಿಲ ನಾಡಿನಲ್ಲೂ ವಿಟಮಿನ್ ಡಿ ಕೊರತೆ

ಮೂಡುಬಿದಿರೆ: ವರ್ಷದ ಬಹುಭಾಗ ಬಿಸಿಲು ಕಾಯುವ ಕರಾವಳಿಯಲ್ಲಿ ವಿಟಮಿನ್ ಡಿ ಕೊರತೆ ಇರಲಾರದೆಂಬುದು ಸಾಮಾನ್ಯ ನಂಬಿಕೆ. ವಾಸ್ತವ ಬೇರೆಯೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯವು 2016-18ರಲ್ಲಿ ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯ ಪ್ರಕಾರ, ದೇಶದ 1ರಿಂದ 4 ವರ್ಷದ ಮಕ್ಕಳಲ್ಲಿ ಶೇ 14, 5ರಿಂದ 9 ವರ್ಷದವರಲ್ಲಿ ಶೇ 18 ಹಾಗೂ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿಗೆ ಈ ಕೊರತೆಯಿತ್ತು.

ಕಾರಣವೇನು?

ಬಿಸಿಲಿನಲ್ಲಿರುವ ನೇರಳಾತೀತ 'ಬಿ' ಕಿರಣಗಳು ಚರ್ಮಕ್ಕೆ ತಾಗಿದಾಗ ದೇಹವೇ ವಿಟಮಿನ್ ಡಿ ತಯಾರಿಸಿಕೊಳ್ಳುತ್ತದೆ. ಬಳಿಕ ಯಕೃತ್ತು ಹಾಗೂ ಮೂತ್ರಪಿಂಡಗಳು ಅದನ್ನು ಕ್ರಿಯಾಶೀಲ ರೂಪಕ್ಕೆ ತರುತ್ತವೆ. ಈ ಕಿರಣಗಳು ಕಿಟಕಿಯ ಗಾಜನ್ನು ದಾಟಲಾರವು. ಮುಂಜಾನೆಯ ಎಳೆ ಬಿಸಿಲಿನಲ್ಲಿ ಇವು ತೀರಾ ಕಡಿಮೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ ಹೆಚ್ಚು. ಚರ್ಮದ ಬಣ್ಣ ಕಪ್ಪಾದಷ್ಟೂ ಹೆಚ್ಚು ಹೊತ್ತು ಬಿಸಿಲು ಬೇಕಾಗುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ಮನೆಯೊಳಗೆ ಕುಳಿತು ಬೀಡಿ ಕಟ್ಟುವ ಮಹಿಳೆಯರು, ತರಗತಿ ಮತ್ತು ಹಾಸ್ಟೆಲ್‌ಗಳಲ್ಲೇ ದಿನ ಕಳೆಯುವ ವಿದ್ಯಾರ್ಥಿಗಳು, ಕಚೇರಿ ನೌಕರರು ಇಂತಹ ಬಿಸಿಲಿನಿಂದ ದೂರವೇ ಉಳಿಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದಿರುತ್ತದೆ. ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿರುವ ತಿರುಪತಿಯಲ್ಲಿ ನಡೆದ ಅಧ್ಯಯನಗಳಲ್ಲೂ ಹೊಲದಲ್ಲಿ ದುಡಿಯುವ ಗ್ರಾಮಸ್ಥರಿಗಿಂತ ಪೇಟೆಯವರಲ್ಲಿ ಈ ವಿಟಮಿನ್ ಕಡಿಮೆ ಇರುವುದು ಕಂಡುಬಂದಿತ್ತು.

ದುಷ್ಪರಿಣಾಮಗಳು

ಆಹಾರದಲ್ಲಿನ ಕ್ಯಾಲ್ಸಿಯಂ ಅನ್ನು ದೇಹ ಹೀರಿಕೊಳ್ಳಲು ವಿಟಮಿನ್ ಡಿ ಅಗತ್ಯ. ಕೊರತೆ ತೀವ್ರವಾದರೆ ಮಕ್ಕಳಿಗೆ ರಿಕೆಟ್ಸ್ ತಗಲಿ ಕಾಲು ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ. ತಾಯಿಗೆ ಕೊರತೆಯಿದ್ದರೆ ಹಸುಗೂಸಿಗೂ ಕೊರತೆಯಾಗಿ, ಕ್ಯಾಲ್ಸಿಯಂ ಕುಸಿದು ಸೆಳವು ಬರುವುದುಂಟು. ವಯಸ್ಕರಲ್ಲಿ ಮೂಳೆ ಮೆದುವಾಗಿ ಸೊಂಟ, ತೊಡೆ ನೋಯುತ್ತವೆ. ಕುಳಿತಲ್ಲಿಂದ ಏಳುವುದು, ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಇದನ್ನು ವಾತ ಅಥವಾ ದುಡಿಮೆಯ ಆಯಾಸವೆಂದು ತಳ್ಳಿಹಾಕುವವರೇ ಅಧಿಕ.

ಪರಿಹಾರ

ಬೂತಾಯಿ, ಬಂಗುಡೆ ಮೀನು ಹಾಗೂ ಮೊಟ್ಟೆಯ ಹಳದಿಯಲ್ಲಿ ವಿಟಮಿನ್ ಡಿ ಇದೆ. ಸಸ್ಯಾಹಾರಿಗಳಿಗೆ ವಿಟಮಿನ್ ಸೇರಿಸಿದ ಹಾಲು ಮತ್ತು ಎಣ್ಣೆ ನೆರವಾಗುತ್ತವೆ. ಅವುಗಳ ಪ್ಯಾಕೆಟ್ ಮೇಲೆ '+ಎಫ್' ಗುರುತಿರುತ್ತದೆ. ಹಾಲು, ರಾಗಿ ಕ್ಯಾಲ್ಸಿಯಂ ಒದಗಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 600 ಯೂನಿಟ್ ವಿಟಮಿನ್ ಡಿ ಶಿಫಾರಸು ಮಾಡಿದೆ.

ಮಾತ್ರೆ ವಿಚಾರದಲ್ಲಿ ಎಚ್ಚರ ಅಗತ್ಯ. ಔಷಧ ಅಂಗಡಿಗಳಲ್ಲಿ ಸಿಗುವ 60,000 ಯೂನಿಟ್‌ನ ಮಾತ್ರೆ ಮತ್ತು ಪುಡಿಯನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, ಅದೂ ನಿಗದಿತ ಅವಧಿಗೆ ಮಾತ್ರ ನೀಡಲಾಗುತ್ತದೆ. ತಪ್ಪು ತಿಳಿದು ದಿನವೂ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ವಾಂತಿ, ಗೊಂದಲ, ಮೂತ್ರಪಿಂಡಕ್ಕೆ ಹಾನಿ ಉಂಟಾಗಬಹುದು. ಆರೋಗ್ಯವಂತ ವಯಸ್ಕರೆಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕಿಲ್ಲವೆಂದು ಅಂತರರಾಷ್ಟ್ರೀಯ ಎಂಡೊಕ್ರೈನ್ ಸೊಸೈಟಿ 2024ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಮೂಳೆ ನೋವು ಬಿಡದೆ ಕಾಡಿದರೆ, ಮಗುವಿನ ಕಾಲು ಬಾಗುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣುವುದು ಒಳಿತು.